ಹಳ್ಳ ಬಂದ ದಿನಗಳ ಎಣಿಕೆ

ಸೆಪ್ಟೆಂಬರ್ 22, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಬೆಣ್ಣಿಕೊಪ್ಪ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಸಂಗನಬಸವ ಹಳ್ಳಿಕೇರಿ ತಾವೇ ಠಾಣೆಗೆ ಬಂದು ಲಿಖಿತ ದೂರು ಸಲ್ಲಿಸಿದರು. ಕಚೇರಿಯ ಕಪಾಟಿನಲ್ಲಿದ್ದ ಕಡತದಿಂದ ಹದಿನೆಂಟು ಹಾಳೆಗಳು ಕಳುವಾಗಿವೆ ಎಂಬುದು ದೂರಿನ ಸಾರ. ಇನ್ಸ್‌ಪೆಕ್ಟರ್ ನಿಲೋಫರ್ ನದಾಫ ಅದನ್ನು ಎರಡು ಸಲ ಓದಿ, ಎಂಥ ಹಾಳೆಗಳೆಂದು ಕೇಳಿದರು.

ಉತ್ತರಕ್ಕೆ ಸ್ವಲ್ಪ ಹಿನ್ನೆಲೆ ಬೇಕಾಯಿತು. ಊರಿನ ನಡುವಿನ ಬಸ್ ನಿಲ್ದಾಣದ ಎದುರಿಗೆ ಖಾಸಗಿ ಕಂಪನಿಯೊಂದು ನಾಲ್ಕು ಅಂತಸ್ತಿನ ಕಟ್ಟಡ ಕಟ್ಟಲಿದೆ. ಕಾಗದದಲ್ಲಿ ಅದರ ಹೆಸರು ಮನರಂಜನಾ ಕ್ಲಬ್ ಮತ್ತು ವಸತಿ ಸಂಕೀರ್ಣ. ಊರಿನವರ ಬಾಯಲ್ಲಿ ಕ್ಯಾಸಿನೊ. ಅಲ್ಲಿಗೆ ಬರುವವರ ಕಾರುಗಳಿಗೆ ಜಾಗ ಬೇಕು. ಆದ್ದರಿಂದ ಬಸ್ ನಿಲ್ದಾಣವನ್ನು ಮೂರು ಕಿಲೋಮೀಟರ್ ಆಚೆಯ ಬೈಪಾಸಿಗೆ ಸಾಗಿಸಿ, ತೆರವಾದ ನೆಲವನ್ನು ನೂರ ನಲವತ್ತು ಕಾರುಗಳ ನಿಲುಗಡೆಗೆ ಕೊಡುವುದೆಂದು ಯೋಜನೆ ಸಿದ್ಧವಾಗಿದೆ. ಇದಕ್ಕೆ ಆಧಾರವಾಗಿ ಸಂಚಾರ ಸಮೀಕ್ಷೆ ನಡೆದಿದೆ. ಸಾರ್ವಜನಿಕ ಅಹವಾಲು ಸಭೆ ಇದೇ ಗುರುವಾರ, 25ರಂದು, ಬೆಳಿಗ್ಗೆ 11ಕ್ಕೆ. ಕಳುವಾದದ್ದು ಆ ಸಮೀಕ್ಷೆಯ ಮೂಲ ಹಾಳೆಗಳು.

ಮುಖ್ಯಾಧಿಕಾರಿಗಳು ಹೊರಗೆ ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಮಡಿವಾಳೆಪ್ಪ ಬಾಗಿಲ ಕಡೆ ನೋಡಿದ. ಅವನದು ಮೂವತ್ತೊಂದು ವರ್ಷದ ಸೇವೆ.

"ಹುಣಸಿ ಗಿಡದ ಬುಡಕ ಕುಂತು ಇಸ್ಪೀಟ್ ಆಡಿದವರನ್ನ ಒದ್ದು ತಂದೀನ್ರಿ ಮೇಡಮ್ಮಾರ. ಇನ್ನ ಅದಕ್ಕ ಲಿಫ್ಟ್ ಹಚ್ತಾರಂತ. ಸಲಾಮ್ ಹೊಡ್ಯಾಕ ಯಾವ ಬಾಗಲಕ್ಕ ನಿಂದರ್ಬೇಕೋ ಕೇಳಿ ಇಡ್ರಿ."

ಮಧ್ಯಾಹ್ನ 12.05ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಆರಂಭವಾಯಿತು. ಕಾನ್‌ಸ್ಟೆಬಲ್ ಈರೇಶ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿದ. ಕಪಾಟಿನ ಬೀಗ ಮುರಿದಿರಲಿಲ್ಲ. ಮೂವತ್ತು ಹಾಳೆಗಳಿದ್ದ ಕಡತದಲ್ಲಿ ಹನ್ನೆರಡು ಉಳಿದಿದ್ದವು. ಕಳ್ಳ ಹದಿನೆಂಟನ್ನು ಬಿಡಿಸಿಕೊಂಡು ಉಳಿದವನ್ನು ಮೊದಲಿನಂತೆಯೇ ದಾರದಲ್ಲಿ ಬಿಗಿದು ಇಟ್ಟಿದ್ದ.

ಉಳಿದ ಹನ್ನೆರಡು ಪೇಟೆ ರಸ್ತೆಯಲ್ಲಿ ನಿಂತ ವಾಹನಗಳ ಎಣಿಕೆ. ಸೆಪ್ಟೆಂಬರ್ 2ರಂದು ಆರುನೂರ ನಲವತ್ತು ವಾಹನಗಳಿದ್ದವು. ಊರಿಗೆ ನಿಲುಗಡೆ ಜಾಗದ ತೀವ್ರ ಅಗತ್ಯವಿದೆ ಎಂದು ವರದಿ ಹೇಳಿತ್ತು. ಸೆಪ್ಟೆಂಬರ್ 2 ಮಂಗಳವಾರ, ಬೆಣ್ಣಿಕೊಪ್ಪದ ಸಂತೆಯ ದಿನ. ಸುತ್ತಲಿನ ಹದಿನೇಳು ಹಳ್ಳಿಗಳ ಟ್ರ್ಯಾಕ್ಟರು, ಟಂಟಂ, ಮೋಟಾರ್ ಸೈಕಲ್ಲುಗಳೆಲ್ಲ ಅಂದು ಆ ರಸ್ತೆಯಲ್ಲೇ ಇರುತ್ತವೆ. ಕಳುವಾದ ಹದಿನೆಂಟು ಹಾಳೆಗಳು ಬಸ್ ನಿಲ್ದಾಣದ ಪ್ರಯಾಣಿಕರ ಎಣಿಕೆ. ಆಗಸ್ಟ್ 18, 19, 20. ಮೂರು ದಿನದ ಒಟ್ಟು ನೂರ ಇಪ್ಪತ್ತಮೂರು, ದಿನಕ್ಕೆ ಸರಾಸರಿ ನಲವತ್ತೊಂದು. ನಲವತ್ತೊಂದು ಜನರಿಗಾಗಿ ಊರಿನ ನಡುವೆ ಒಂದೂಕಾಲು ಎಕರೆ ನೆಲ ಹಿಡಿದಿಡುವುದು ಸಮಂಜಸವಲ್ಲ ಎಂದು ವರದಿಯ ಅಭಿಪ್ರಾಯ.

ಪ್ರತಿದಿನ ಬೆಳಿಗ್ಗೆ ಆ ನಿಲ್ದಾಣವನ್ನು ಹಾದು ಬರುವ ನಿಲೋಫರ್ ಆ ಸಂಖ್ಯೆಯನ್ನು ಮತ್ತೊಮ್ಮೆ ಓದಿದರು.

ಕಪಾಟಿನ ಕೀಲಿ ಕಚೇರಿಯಲ್ಲಿ ಜವಾನ ಕೆಲಸ ಮಾಡುವ ಖಾಸಿಂಬಿಯ ವಶದಲ್ಲಿ ಇರುತ್ತಿತ್ತು. ವಶ ಎಂದರೆ ಮೇಜಿನ ಡ್ರಾದಲ್ಲಿ; ಅದು ಅಲ್ಲಿರುತ್ತದೆಂದು ಕಚೇರಿಗೆ ಬಂದುಹೋಗುವವರಿಗೆಲ್ಲ ಗೊತ್ತು. ಶನಿವಾರ ಬೆಳಿಗ್ಗೆ ಹಾಳೆಗಳಿದ್ದವು. ಮಧ್ಯಾಹ್ನ ಒಂದೂವರೆಯಿಂದ ಎರಡೂಕಾಲರವರೆಗೆ ಊಟಕ್ಕೆ ಹೋಗಿದ್ದೆ, ಆಗ ಕಚೇರಿಯಲ್ಲಿ ಯಾರೂ ಇರಲಿಲ್ಲ ಎಂದು ಅವಳು ಹೇಳಿಕೆ ಕೊಟ್ಟಳು. ಮುಖ್ಯಾಧಿಕಾರಿ ಅವಳತ್ತಲೇ ಬೆರಳು ತೋರಿಸಿದ್ದರು.

"ಹದಿನೆಂಟ್ ಹಾಳಿ ತುಗೊಂಡು ನಾ ಏನ್ ಮಾಡ್ಲಿರಿ ಯವ್ವಾ?" ಎಂದಳು ಖಾಸಿಂಬಿ. "ಓದಾಕ ಬರಂಗಿಲ್ಲ. ಒಲಿಗೆ ಹಚ್ಚೂಣು ಅಂದ್ರ ಮನ್ಯಾಗ ಗ್ಯಾಸ್ ಐತಿ."

ಅಂದು ಸಂಜೆ ನಾಲ್ಕಕ್ಕೆ ಅವಳಿಗೆ ನಾಳೆಯಿಂದ ಬರಬೇಡವೆಂದು ಹೇಳಲಾಯಿತು. ಅವಳು ಹೊರಗುತ್ತಿಗೆಯವಳು. ಹನ್ನೊಂದು ವರ್ಷ ಆ ಕಚೇರಿಯ ಬಾಗಿಲು ತೆರೆದವಳನ್ನು ತೆಗೆಯಲು ಒಂದು ಚೀಟಿಯನ್ನೂ ಬರೆಯಬೇಕಾಗಿರಲಿಲ್ಲ. ತಪ್ಪು ಯಾರದೆಂದು ತಿಳಿಯುವ ಮೊದಲೇ ಶಿಕ್ಷೆ ಅತ್ಯಂತ ಕೆಳಗಿರುವವರಿಗೆ ತಲುಪುವುದು ನಮ್ಮ ಕಚೇರಿಗಳ ಹಳೆಯ ಕ್ರಮ. ಅದನ್ನು ಯಾವ ನಿಯಮದಲ್ಲೂ ಬರೆದಿಲ್ಲ, ಯಾರೂ ಮೀರಿದ್ದೂ ಇಲ್ಲ.

ಮಡಿವಾಳೆಪ್ಪ ಆವಕ ವಹಿಯನ್ನು ಠಾಣೆಗೆ ತಂದ. ಶನಿವಾರ ಖಾಸಿಂಬಿ ಇಲ್ಲದ ವೇಳೆಯಲ್ಲಿ ಒಂದೇ ಒಂದು ನಮೂದಿತ್ತು. ನಿಲ್ದಾಣದ ಶೌಚಾಲಯಕ್ಕೆ ನೀರಿನ ಸಂಪರ್ಕ ಕೊಡುವಂತೆ ಕೋರಿದ ಪತ್ರ. ತೆಗೆದುಕೊಳ್ಳುವವರಿಲ್ಲದ್ದರಿಂದ ತಂದವರೇ ವಹಿಯಲ್ಲಿ ಬರೆದಿದ್ದರು. ಕಚೇರಿಯವರೆಲ್ಲ ಒಂದು ಗಂಟೆ, ಎರಡು ಗಂಟೆ ಎಂದು ವೇಳೆ ಬರೆಯುತ್ತಾರೆ. ಈ ನಮೂದಿನಲ್ಲಿ 13-50 ಎಂದಿತ್ತು.

"ಇದು ಬಸ್ಸಿನ ಟೈಮ್ ಬರಿಯಾವರ ಕೈರಿ," ಎಂದ ಮಡಿವಾಳೆಪ್ಪ. "ಕಳವು ಮಾಡಾಕ ಬಂದು ಹಾಜರಿ ಹಾಕಿ ಹೋಗ್ಯಾನಲ್ರಿ, ಪುಣ್ಯಾತ್ಮ."

ಮಂಗಳವಾರ, 23ರಂದು, ಬೆಳಿಗ್ಗೆ 9.30ಕ್ಕೆ ನಿಲೋಫರ್, ಮಡಿವಾಳೆಪ್ಪ, ಈರೇಶ ಮೂವರೂ ಬಸ್ ನಿಲ್ದಾಣಕ್ಕೆ ಹೋದರು. ಸಂಚಾರ ನಿಯಂತ್ರಕ ಕರಿಸಿದ್ದಪ್ಪನಿಗೆ ಐವತ್ತೊಂಬತ್ತು ವರ್ಷ, ನವೆಂಬರಿನಲ್ಲಿ ನಿವೃತ್ತಿ. ಬಂದ ಬಸ್ಸಿನ ವೇಳೆ ಬರೆದುಕೊಂಡು, ಕಂಡಕ್ಟರನ ಚೀಟಿಗೆ ಶಿಕ್ಕಾ ಒತ್ತಿ, ಬಳಿಕ ಎದ್ದು ಕುರ್ಚಿ ಕೊಟ್ಟ. ನಿಲೋಫರ್ ಕುಳಿತುಕೊಳ್ಳದೆ ಆಗಸ್ಟ್ ತಿಂಗಳ ವಹಿ ಕೇಳಿದರು.

"ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಎಷ್ಟು ಬಸ್ ಬಂದಾವು?"

"ಒಂದೂ ಇಲ್ರಿ."

"ಮೂರೂ ದಿನ?"

"ಮೂರೂ ದಿನ. ಹಳ್ಳ ಬಂದಿತ್ತಲ್ರಿ."

ಬೆಣ್ಣಿಹಳ್ಳ ತುಂಬಿ ಬಂದರೆ ಊರಿನ ಎರಡೂ ಕಡೆಯ ಸೇತುವೆಗಳು ಮುಳುಗುತ್ತವೆ. ಶಲವಡಿಯ ದಾರಿ, ನವಲಗುಂದದ ದಾರಿ ಎರಡೂ ಕಡಿಯುತ್ತವೆ. ಉಳಿದಂತೆ ದಿನಕ್ಕೆ ಅರವತ್ತೆರಡು ಬಸ್ಸು, ಎರಡು ಸಾವಿರದ ಮುನ್ನೂರು ಪ್ರಯಾಣಿಕರು ಬರುವ ನಿಲ್ದಾಣ ಆ ಮೂರು ದಿನ ಬಹುತೇಕ ಖಾಲಿ ಬಿದ್ದಿತ್ತು. ಎಣಿಕೆಯವರು ಜುಲೈನಿಂದ ಮೂರು ಸಲ ದಿನಾಂಕ ಗೊತ್ತುಮಾಡಿ ಮೂರು ಸಲವೂ ಮುಂದೂಡಿದ್ದರು. ಹಳ್ಳ ಬಂದ ದಿನ ಜೀಪಿನಲ್ಲಿ ಸುತ್ತು ದಾರಿಯಿಂದ ಬಂದು ಎಣಿಸಿದರು.

"ಎಣಿಕಿ ಹಾಳಿ ಮ್ಯಾಲ ಶಿಕ್ಕಾ ನಿಮ್ಮದ ಐತಿ ಅಂತ ವರದಿ ಹೇಳತೈತಿ," ಎಂದರು ನಿಲೋಫರ್.

"ನಂದ ರಿ. ಬ್ಯಾರೆ ದಿನ ಬರ್ರಿ ಅಂದೆ. ಎಣಿಕಿ ಖರೇ ಐತೋ ಇಲ್ಲೋ, ಅಷ್ಟ ಹೇಳ್ರಿ ಅಂದ್ರು. ಎಣಿಕಿ ಖರೇನ ಇತ್ತು. ಒತ್ತಿಬಿಟ್ಟೆ."

ಯಾವುದಕ್ಕಾಗಿ ಎಣಿಸಿದರೆಂದು ಅವನಿಗೆ ತಿಳಿದದ್ದು ಸೆಪ್ಟೆಂಬರ್ 8ರಂದು, ನಿಲ್ದಾಣದ ಗೋಡೆಗೆ ನೋಟಿಸು ಅಂಟಿಸಿದಾಗ. ಪ್ರತಿ ಹಾಳೆಯ ಕೊನೆಯಲ್ಲಿ ಷರಾ ಎಂಬ ಕಾಲಂ ಖಾಲಿ ಇತ್ತು. ಅಲ್ಲಿ ಹಳ್ಳ ಬಂದದ್ದನ್ನು ನಮೂದಿಸಲು ಅವಕಾಶ ಕೊಡಬೇಕೆಂದು ಅವನು ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟ. ಒಮ್ಮೆ ದೃಢೀಕರಿಸಿದ ಹಾಳೆಗೆ ಏನನ್ನೂ ಸೇರಿಸಲಾಗದು ಎಂಬ ಬಾಯಿಮಾತಿನ ಉತ್ತರ ಬಂತು. ತನ್ನ ಮೇಲಧಿಕಾರಿಗಳನ್ನು ಕೇಳಿದ. ನೌಕರರು ಊರಿನ ವಿಷಯದಲ್ಲಿ ತಲೆ ಹಾಕಬಾರದೆಂದು ಅವರು ಹೇಳಿದರು.

"ಶನಿವಾರ ಪಂಚಾಯ್ತಿಗೆ ಹೋಗಿದ್ರಿ."

"ಹೋಗಿದ್ನಿರಿ."

"ಖಾಸಿಂಬೀನ ಕೆಲಸದಿಂದ ತಗದಾರ. ಗೊತ್ತೈತೇನು?"

ಕರಿಸಿದ್ದಪ್ಪನಿಗೆ ಗೊತ್ತಿರಲಿಲ್ಲ. ಅವನು ಮೂಲೆಯ ಕಬ್ಬಿಣದ ಪೆಟ್ಟಿಗೆ ತೆರೆದು, ಹಳೆಯ ವೇಳಾಪಟ್ಟಿಯಲ್ಲಿ ಸುತ್ತಿಟ್ಟ ಹಾಳೆಗಳನ್ನು ತೆಗೆದುಕೊಟ್ಟ. ನಾಳೆ ಮಧ್ಯಾಹ್ನ ಮರಳಿ ಆ ಕಪಾಟಿನಲ್ಲೇ ಇಟ್ಟು ಬರುವವನಿದ್ದೆ ಎಂದ.

ಹದಿನೆಂಟರಲ್ಲಿ ಹನ್ನೊಂದು ಹಾಳೆಗಳ ಷರಾ ಕಾಲಮಿನಲ್ಲಿ ಕೆಂಪು ಶಾಯಿಯ ಬರಹವಿತ್ತು: ಬೆಣ್ಣಿಹಳ್ಳ ಬಂದು ಎರಡೂ ಸೇತುವೆ ಬಂದ್. ಬಸ್ ಸಂಚಾರ ಸ್ಥಗಿತ. ಇದು ಎಂದಿನ ದಿನದ ಎಣಿಕೆಯಲ್ಲ. ಪ್ರತಿಯೊಂದರ ಕೆಳಗೂ ಸಹಿ, ದಿನಾಂಕ, ವೇಳೆ. ಡ್ಯೂಟಿ ಮುಗಿದ ಮೇಲೆ ನಿಧಾನಕ್ಕೆ ಬರೆದದ್ದರಿಂದ ತಡವಾಗಿತ್ತು.

"ಏಳ್ ಹಾಳಿ ಉಳದಾವ್ರಿ. ಇಲ್ಲೇ ಕುಂತು ಬರದು ಕೊಡ್ಲೇನು?"

"ಬ್ಯಾಡ. ಇನ್ನ ಅವನ್ನ ನೀವು ಮುಟ್ಟಂಗಿಲ್ಲ."

10.40ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಹಾಳೆಗಳು ಮುದ್ದೆಮಾಲಾಗಿ ಲಕೋಟೆ ಸೇರಿದವು. ಲಕೋಟೆಯ ಮೇಲೆ ಅರಗಿನ ಮೊಹರು ಬಿತ್ತು. ಸರ್ಕಾರಿ ದಾಖಲೆ ತಿದ್ದಿದ ಕಲಮನ್ನೂ ಪ್ರಕರಣಕ್ಕೆ ಸೇರಿಸಬೇಕಾಯಿತು. ಹಾಳೆಯಲ್ಲಿ ನಿಜ ಬರೆದದ್ದು ಕದ್ದದ್ದಕ್ಕಿಂತ ದೊಡ್ಡ ಅಪರಾಧವಾಗುತ್ತದೆಂದು ನಿಲೋಫರ್‌ಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಓಡಿಹೋಗುವ ಆಸಾಮಿಯಲ್ಲವೆಂದು ದಾಖಲಿಸಿ, ವಿಚಾರಣೆಗೆ ಹಾಜರಾಗುವಂತೆ ನೋಟಿಸು ಕೊಟ್ಟು ಅವನನ್ನು ಕೆಲಸಕ್ಕೆ ಬಿಟ್ಟರು.

ಮಧ್ಯಾಹ್ನ ನಿಲೋಫರ್ ಮುಖ್ಯಾಧಿಕಾರಿಯ ಕೋಣೆಯಲ್ಲಿದ್ದರು. ಆಗಸ್ಟಿನ ಆ ಮೂರು ದಿನ ಬಸ್ಸುಗಳೇ ಇರಲಿಲ್ಲವೆಂಬುದನ್ನು ಗುರುವಾರದ ಸಭೆಯ ಮುಂದೆ ಇಡಬೇಕೆಂದು ಕೇಳಿದರು.

"ಎಣಿಕಿ ಸುಳ್ಳೈತೇನ್ರಿ?" ಎಂದರು ಸಂಗನಬಸವ.

"ಇಲ್ಲ."

"ಯಾರರ ಸಹಿ ಖೊಟ್ಟಿ ಐತೇನು?"

"ಇಲ್ಲ."

"ಮತ್ತ? ದಿನಾಂಕ ನಾ ಇಟ್ಟಿದ್ದಲ್ಲ, ಮ್ಯಾಲಿಂದ ಬಂದದ್ದು. ಹಾಳಿ ನಿಮ್ಮ ಮುದ್ದೆಮಾಲು, ನಾ ಕೇಳಂಗಿಲ್ಲ. ಸಭಿಗೆ ಸಾರಾಂಶ ಸಾಕು."

ಖಾಸಿಂಬಿಯ ಮೇಲೆ ಯಾವ ಆರೋಪವೂ ಉಳಿದಿಲ್ಲವೆಂದು ನಿಲೋಫರ್ ಅಲ್ಲೇ ಬರೆದುಕೊಟ್ಟರು. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂಬ ಉತ್ತರ ಸಿಕ್ಕಿತು. ಸಂಜೆ ಜಿಲ್ಲಾ ಕಚೇರಿಗೆ ನಾಲ್ಕು ಪುಟದ ಪತ್ರ ಕಳಿಸಿದರು. ಸ್ವೀಕೃತಿಯ ಮುದ್ರೆ ಬಂತು, ಉತ್ತರ ಬರಲಿಲ್ಲ. ಸಂತೆಯ ದಿನ ಗಾಡಿ ಎಣಿಸಿ, ಹಳ್ಳ ಬಂದ ದಿನ ಬಸ್ಸಿನವರನ್ನು ಎಣಿಸಿದರೆ ಉತ್ತರ ಏನು ಬರುತ್ತದೆಂದು ಐದನೆಯ ಇಯತ್ತೆಯ ಮಕ್ಕಳೂ ಹೇಳಬಲ್ಲರು. ಆದರೆ ಆ ಲೆಕ್ಕದ ಯಾವ ಹೆಜ್ಜೆಯಲ್ಲೂ ತಪ್ಪಿರಲಿಲ್ಲ. ಸುಳ್ಳು ಹೇಳದೆಯೇ ಒಂದು ಊರನ್ನು ವಂಚಿಸುವವರ ಮೇಲೆ ಹಾಕಲು ನಿಲೋಫರ್ ಬಳಿ ಕಲಂ ಇರಲಿಲ್ಲ.

ಬುಧವಾರ ಮಧ್ಯಾಹ್ನ 3.15ಕ್ಕೆ ಮೇಲಿನಿಂದ ಫೋನು ಬಂತು. ತಪ್ಪೊಪ್ಪಿಕೊಂಡ ಆರೋಪಿಯನ್ನು ಏಕೆ ಬಿಟ್ಟಿದ್ದೀರಿ ಎಂದು ಕೇಳಲಾಯಿತು. ನಿಲೋಫರ್ ಕಾನೂನಿನ ಕಲಂ ಹೇಳಿದರು. ಕಾನೂನು ತಮಗೂ ಗೊತ್ತಿದೆ, ನಾಳೆಯ ಸಭೆಯಲ್ಲಿ ಗದ್ದಲವಾಗಬಾರದು, ಇಂದೇ ದಸ್ತಗಿರಿ ಮಾಡಿ ಎಂಬ ಆದೇಶವಾಯಿತು. ಲಿಖಿತವಾಗಿ ಕೊಡಿ ಎಂದು ಕೇಳಿದಾಗ ಆ ಕಡೆಯ ಫೋನು ಇಟ್ಟ ಸದ್ದಾಯಿತು. ಎರಡು ಗಂಟೆ ಅವರು ಕುರ್ಚಿಯಿಂದ ಏಳಲಿಲ್ಲ. ಆಮೇಲೆ ಎದ್ದರು.

ಸಂಜೆ 5.40ಕ್ಕೆ ನಿಲ್ದಾಣದಲ್ಲಿ ಕಾಲೇಜು ಬಿಟ್ಟ ಹುಡುಗಿಯರು ತುಂಬಿದ್ದರು. ಬೈಪಾಸಿಗೆ ಬಸ್ಸು ಹೋದರೆ ಕಾಲೇಜು ಬಿಡಿಸುತ್ತೇವೆಂದು ಹಲವರ ಮನೆಯಲ್ಲಿ ಆಗಲೇ ಹೇಳಿಯಾಗಿತ್ತು. ಕರಿಸಿದ್ದಪ್ಪ ದಸ್ತಗಿರಿ ಪತ್ರ ಓದಿ ಸಹಿ ಮಾಡಿದ. ಬದಲಿಗೆ ಬಂದವನಿಗೆ ವಹಿ ಒಪ್ಪಿಸಿ, ಒಪ್ಪಿಸಿದ ವೇಳೆ ಬರೆದ. ಕಿಟಕಿಯಲ್ಲಿ ಒಬ್ಬ ಹುಡುಗಿ ಇಣುಕಿದಳು.

"ಕಾಕಾ, ಶಲವಡಿ ಗಾಡಿ ಲೇಟೇನ್ರಿ?"

"ಹತ್ತ ನಿಮಿಷ. ಒಳಗ ಸರದು ನಿಂದರ್ರವಾ, ಜೀಪ್ ತಿರುಗ್ತೈತಿ."

ಅವನು ಹತ್ತಲಿದ್ದ ಜೀಪು ಅದು.

ಗುರುವಾರ, 25ರಂದು, ಬೆಳಿಗ್ಗೆ 11ಕ್ಕೆ ಅವನನ್ನು ತಾಲ್ಲೂಕು ನ್ಯಾಯಾಲಯದಲ್ಲಿ ಹಾಜರುಪಡಿಸಲಾಯಿತು. ಪೊಲೀಸರ ಮೇಲೆ ದೂರಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲವೆಂದ. 12.10ಕ್ಕೆ ಜಾಮೀನು ಸಿಕ್ಕಿತು. ಹೊರಗೆ ಬರುವ ಹೊತ್ತಿಗೆ ಬಂದೋಬಸ್ತಿಗೆ ಹೋಗಿದ್ದ ಈರೇಶನ ಫೋನು ಬಂತು. ಸಭೆ ನಲವತ್ತು ನಿಮಿಷದಲ್ಲಿ ಮುಗಿದಿತ್ತು. ನಲವತ್ತೊಂದು ಎಂದು ಓದಿದಾಗ ಶಲವಡಿಯ ಶಿವಗಂಗವ್ವ ಎಂಬ ಮುದುಕಿ ಎದ್ದು, ಅಷ್ಟು ಮಂದಿ ನಮ್ಮ ಓಣಿಯಿಂದಲೇ ಬರುತ್ತೇವಲ್ಲ ಎಂದಳಂತೆ. ಸಭೆ ನಕ್ಕಿತಂತೆ. ಲಿಖಿತ ಆಕ್ಷೇಪಣೆ ಕೊಟ್ಟಿದ್ದೀರಾ ಎಂದು ಕೇಳಿ ಅವಳನ್ನು ಕೂರಿಸಿದರು. ಸಮೀಕ್ಷೆಯ ಬಗ್ಗೆ ಆಕ್ಷೇಪಣೆಗಳಿಲ್ಲ ಎಂದು ನಡಾವಳಿಯಲ್ಲಿ ದಾಖಲಾಯಿತು.

ಮಡಿವಾಳೆಪ್ಪ ಇದನ್ನೆಲ್ಲ ಕರಿಸಿದ್ದಪ್ಪನಿಗೆ ಹೇಳಿ, ಅಂಗಡಿಯಿಂದ ಚಹಾ ತಂದುಕೊಟ್ಟ. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತ. ನಿಲೋಫರ್ ಪಕ್ಕದ ಕಟ್ಟೆಯ ಮೇಲೆ ಕುಳಿತು, ಎರಡು ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದರು.

"ಹರದು ಒಗದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕ ಹರೀಲಿಲ್ಲ?"

"ಹೆಂಗ ಹರೀಲಿರಿ? ಆ ಮಂದಿ ಖರೇನ ಬಂದಿದ್ರು. ಮಳ್ಯಾಗ ತೊಯ್ಸಿಕೊಂಡು ಬಂದು, ಇವತ್ತರ ಬಸ್ ಬಿಡ್ತಾರಂತ ಸಂಜಿತನಾ ಕುಂತಿದ್ರು. ಒಬ್ಬಾಕಿ ಬಾಣಂತಿ ಇದ್ಲು. ಬರಂಗಿಲ್ಲ, ಮನಿಗೆ ಹೋಗ್ರಿ ಅಂತ ನಾನ ಹೇಳಿ ಕಳಿಸೀನಿ. ಹರದ್ರ ಅವ್ರೂ ಬಂದ ಇಲ್ಲ ಅಂದಂಗ ಆಗತೈತ್ರಿ."

ಮರುದಿನ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶವನ್ನು ಬರೆಯಬೇಕಾಯಿತು. ನಿಲೋಫರ್ ಬರೆದರು: ಬಸ್ಸಿಗಾಗಿ ಬಂದು, ಕಾದು, ಬಸ್ಸು ಇಲ್ಲದ್ದರಿಂದ ಹಿಂದಿರುಗಿದ 123 ಜನರ ಎಣಿಕೆಯನ್ನು ಊರಿಗೆ ಬಸ್ಸು ಬೇಡವೆಂಬುದಕ್ಕೆ ಸಾಕ್ಷ್ಯವಾಗಿ ಬಳಸಿದ್ದನ್ನು ಸರಿಪಡಿಸಲು ಆರೋಪಿಯು ಸದರಿ ಕೃತ್ಯ ಎಸಗಿರುತ್ತಾನೆ. ಮುದ್ದೆಮಾಲನ್ನು ನ್ಯಾಯಾಲಯಕ್ಕೆ ಒಪ್ಪಿಸಲಾಗಿದೆ. ಮುಂದಿನ ದಿನಾಂಕ ಡಿಸೆಂಬರ್ 11.