ತಿಕೋಟಾ ಬೀಚಿನ ಶವರು

ಚಿಲಕ ಅಲುಗಿತು. ನಾನು ಒಳಗಿನಿಂದ ಬಾಗಿಲಿಗೆ ಭುಜ ಕೊಟ್ಟು ನಿಂತೆ.

"ಎಷ್ಟೊತ್ತು ಮೈ ಒರಸ್ಕೋತಿ ಲೇ? ಹೊರಗ ಬಾ." ರಾಜಾರಾಮನ ದನಿ.

"ಉಸುಕು ಹೋಗವಲ್ದು," ಎಂದೆ.

ನಗಬೇಡಿ. ತಿಕೋಟಾದಲ್ಲಿ ಸಮುದ್ರ ಎಲ್ಲಿಂದ ಬಂತು ಅಂತ ತಾನೇ? ದ್ರಾಕ್ಷಿ ತೋಟಗಳ ನಡುವೆ ಒಂದು ರಿಸಾರ್ಟ್. ಲಾರಿಯಲ್ಲಿ ಮರಳು ತಂದು ಸುರಿದಿದ್ದಾರೆ, ಮೋಟಾರಿನಿಂದ ಅಲೆ ಎಬ್ಬಿಸುತ್ತಾರೆ. ಬೀಚ್ ಅಂತ ಬೋರ್ಡು. ಮರಳು ತೊಳೆದುಕೊಳ್ಳಲು ಬಯಲಲ್ಲಿ ಸಾಲು ಶವರು. ಹಿಂದೆ ಬಟ್ಟೆ ಬದಲಿಸಲು ತಗಡಿನ ಬಾಗಿಲಿನ ಎರಡು ಖೋಲಿ. ಒಂದರಲ್ಲಿ ನಾನು. ಪಕ್ಕದ್ದರಲ್ಲಿ ಆಮ್ರಪಾಲಿ.

ರಾಜಾರಾಮ ಬೇಕಂತಲೇ ಕಾರು ಹಾಯಿಸಿ ಒಬ್ಬನನ್ನು ಕೊಂದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಮಧ್ಯಾಹ್ನ ವಿಜಯಪುರದ ಕೋರ್ಟಿನಲ್ಲಿ ಸಾಕ್ಷಿ. ಅವಳನ್ನು ಅಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ. ದಾರಿಯಲ್ಲಿ ಅವನು ಬೆನ್ನು ಹತ್ತಿದ. ಬೈಕು ಬಿಟ್ಟು ಈ ಜಾತ್ರೆಯೊಳಗೆ ನುಗ್ಗಿದೆವು. ಇಲಿ ತಾನಾಗಿ ಬೋನಿಗೆ ಬಿದ್ದ ಹಾಗಾಯಿತು.

"ಅಣ್ಣಾರ... ಹಿಂದ ದಾರಿ ಐತೇನ್ರಿ?" ತಗಡಿನಾಚೆಯಿಂದ ಆಮ್ರಪಾಲಿಯ ಪಿಸುಮಾತು.

"ಇಲ್ಲ ತಂಗಿ. ಗ್ವಾಡಿ ಐತಿ."

ನನಗೆ ಹೆದರಿಕೆಯಾಗಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಂದಿಯಲ್ಲಿ ಇಣುಕಿದೆ. ಬಬಲೇಶ್ವರದಿಂದ ಟ್ರಿಪ್ ಬಂದ ಹೆಂಗಸರು ಸರದಿಯಲ್ಲಿದ್ದರು. ರಾಜಾರಾಮ ಈಗ ನಮ್ಮೆದುರಿನ ಶವರಿನ ಕೆಳಗೆ. ಜನರಿಗೆ ಅನುಮಾನ ಬರಬಾರದೆಂದು ಮುಖಕ್ಕೆ ಸೋಪು ಹಚ್ಚಿದ್ದ. ಒಂದು ಕಣ್ಣು ಮಾತ್ರ ತೆರೆದಿತ್ತು... ನಮ್ಮ ಮೇಲೆ.

ಅವನೂ ವಿಜಯಪುರದವನೇ. ವಾರಕ್ಕೊಮ್ಮೆ ಬರುವ ನಲ್ಲಿ ನೀರಿಗೆ ಕಾದು ಬೆಳೆದವನು.

ಗಂಟಲು ಹರಿಯುವಂತೆ ಕೂಗಿದೆ.

"ನೀರು ಹೊಂಟಾವ್ರಿ... ಟಾಕಿ ಖಾಲಿ ಆಗಾಕತ್ತೈತಿ!"

ಸರದಿ ಮುರಿಯಿತು. ಹೆಂಗಸರು ಶವರುಗಳ ಮೇಲೆ ಮುಗಿಬಿದ್ದರು.

"ಆಚಿ ಸರಿ ಯಪ್ಪಾ, ಮೈಯೆಲ್ಲಾ ಉಸುಕಾಗೈತಿ." ಒಬ್ಬ ಗಟ್ಟಿಗಿತ್ತಿ ರಾಜಾರಾಮನ ಪಕ್ಕೆಗೆ ಮೊಣಕೈ ಕೊಟ್ಟಳು.

ಅವನು ಕಾವಲು ಮರೆತ. ಜಾಗ ಬಿಡದೆ, ಎರಡೂ ಕಣ್ಣು ಮುಚ್ಚಿ, ಗಬಗಬ ಮುಖ ತೊಳೆಯತೊಡಗಿದ.

"ಓಡು ತಂಗಿ."

ಆಮ್ರಪಾಲಿ ತಲೆ ಮೇಲೆ ಸೆರಗು ಎಳೆದು ಹೆಂಗಸರ ನಡುವೆ ಬೆರೆತಳು. ಗೇಟಿನೆದುರು ವಿಜಯಪುರದ ಬಸ್ಸು ನಿಂತಿತ್ತು. ಹತ್ತಿದಳು.

ನಾನು ಹೊರಗೆ ಕಾಲಿಡುವಷ್ಟರಲ್ಲಿ ರಾಜಾರಾಮ ನನ್ನನ್ನು ಮತ್ತೆ ಖೋಲಿಯೊಳಗೆ ನೂಕಿದ. ಬೆನ್ನಿಗೆ ಗೋಡೆ. ಹೊಟ್ಟೆಗೆ ಚಾಕು.

"ಆಕಿ ಎಲ್ಲಿ?"

"ಬಸ್ ಹತ್ತ್ಯಾಳ."

ಅವನು ತಿರುಗಿ ನೋಡಿದ. ಬಸ್ಸು ತಿರುವು ದಾಟಿತ್ತು. ಶವರುಗಳು ಧೋ ಎಂದು ಸುರಿಯುತ್ತಲೇ ಇದ್ದವು.

"ನೀರು ಹೊಂಟಾವ ಅಂದಿ?"

"ಇನ್ನೂ ಅದಾವ. ಕೈ ತೊಳ್ಕೋ."