ತೋಳು ಬಿಟ್ಟ ಅಂಗಿ

ಲೈಬ್ರರಿ ಮೇಷ್ಟ್ರು ಹರಿದ ಅಂಗಿ ಹಿಡಿದು ಮೆಟ್ಟಿಲು ಹತ್ತಿದಾಗ ಟೈಲರ್ ಅಕ್ಕ ತಲೆ ಎತ್ತಲಿಲ್ಲ. ಎತ್ತಿದರೆ ಮುಖದ ಕೆಂಪು ನಾದಿನಿಯ ಕಣ್ಣಿಗೆ ಬೀಳುತ್ತಿತ್ತು. ಹೋದ ವಾರವಷ್ಟೇ ಅವರು, “ನನ್ನ ಜೊತೆ ಬಾಳ್ತೀರಾ? ಅವಸರ ಇಲ್ಲ, ಯೋಚಿಸಿ ಹೇಳಿ” ಎಂದು ಕೇಳಿದ್ದರು. ಗಂಡ ಹೋಗಿ ಆರು ವರ್ಷವಾಗಿದ್ದ ಹೆಂಗಸಿಗೆ ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿದಿರಲಿಲ್ಲ.

“ಇದು ಹೇಗೆ ಹರೀತು ಮೇಷ್ಟ್ರೇ?”

“ಒಂದು ದಪ್ಪ ಪುಸ್ತಕ, ನಿನ್ನ ಬಿಡಲ್ಲ ಅಂತ ಹಟ ಹಿಡೀತು.”

“ಪುಸ್ತಕಕ್ಕಾದ್ರೂ ನಿಮ್ಮ ಮೇಲೆ ಆಸೆ ಇದೆಯಲ್ಲ.”

“ಅದಕ್ಕೊಂದಕ್ಕೇನಾ?”

ಅವಳು ನಗು ಮುಚ್ಚಲು ದಾರ ಕಚ್ಚಿದಳು. ಗುಂಡಿ ಹೊಲಿಯುತ್ತಿದ್ದ ನಾದಿನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ರಸ್ತೆಯಾಚೆಯ ಲೈಬ್ರರಿಯಲ್ಲಿ ಮೇಷ್ಟ್ರು ಪ್ರತಿ ಶನಿವಾರ ಮಧ್ಯಾಹ್ನ ಹಿರಿಯರಿಗೂ ಗೃಹಿಣಿಯರಿಗೂ ಫೋನಿನಲ್ಲಿ ಬರುವ ಸುದ್ದಿಯನ್ನು ಅಳೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ಕೊನೆಯ ಬೆಂಚಿನಲ್ಲಿ ಅವಳ ಜಾಗ. “ಓದಿದ ಕೂಡಲೇ ಹೊಟ್ಟೆ ಉರಿದರೆ ಕೈ ತಡೀರಿ. ಅವಸರ ಮಾಡಿಸೋ ಸುದ್ದಿಗೆ ನಿಮ್ಮ ಬುದ್ಧಿ ಬೇಡ, ಬೆರಳು ಸಾಕು. ಇದನ್ನ ಮೊದಲು ಹಾಕಿದವರು ಯಾರು, ಇದರ ಹಿಂದೆ ಮುಂದೆ ಏನು ನಡೀತು, ಕೇಳ್ಕೊಳ್ಳಿ.”

ಅಂಗಿ ಕೊಟ್ಟುಹೋದ ಎರಡು ದಿನಕ್ಕೆ ಅವರದೇ ವಿಡಿಯೋ ಬಂತು. ಇಪ್ಪತ್ತು ಸೆಕೆಂಡು. ಮೇಷ್ಟ್ರು ಒಬ್ಬ ಮುದುಕನ ಕೈಯಿಂದ ಪುಸ್ತಕ ಕಿತ್ತುಕೊಂಡು, ರೆಟ್ಟೆ ಹಿಡಿದು ಬಾಗಿಲಾಚೆ ದೂಡುತ್ತಿದ್ದಾರೆ. ಮೇಲೆ ದಪ್ಪಕ್ಷರ: ‘ಹಿರಿಯರ ಮೇಲೆ ಕೈ ಮಾಡಿದ ರಾಕ್ಷಸ. ಡಿಲೀಟ್ ಆಗೋ ಮುಂಚೆ ಎಲ್ಲರಿಗೂ ಕಳಿಸಿ.’

“ನೋಡಿ ಅತ್ತಿಗೆ, ಗೋಮುಖ ವ್ಯಾಘ್ರ ಅಂದ್ರೆ ಇದೇ. ಊರಿಗೆಲ್ಲ ಬುದ್ಧಿ ಹೇಳೋರು.”

ಅವಳು ಯಾರಿಗೂ ಕಳಿಸಲಿಲ್ಲ. ಅವಳನ್ನು ಚುಚ್ಚಿದ್ದು ಬೇರೆ: ವಿಡಿಯೋದಲ್ಲಿ ಮೇಷ್ಟ್ರು ತೊಟ್ಟಿದ್ದು ಇದೇ ಅಂಗಿ. ಹರಿದದ್ದಕ್ಕೆ ನಗುನಗುತ್ತ ಸುಳ್ಳು ಹೇಳಿದವರು, ಬಾಳ್ತೀರಾ ಎಂದು ಕೇಳಿದ್ದು ಎಷ್ಟು ನಿಜ? ಬಟ್ಟೆಯ ರಾಶಿಯಡಿ ಫೋನು ಮೂರು ಸಲ ಗುಂಯ್‌ಗುಟ್ಟಿತು. ಮೇಷ್ಟ್ರ ಕರೆ; ಅವಳು ಎತ್ತಲಿಲ್ಲ. ಮೂರು ದಿನ ಅವರು ಲೈಬ್ರರಿಯ ಬಾಗಿಲಲ್ಲಿ ನಿಂತು ಇತ್ತ ನೋಡಿದರು. ಮೂರು ದಿನವೂ ಅವಳು ಅಂಗಡಿಯ ಪರದೆ ಇಳಿಸಿದಳು. ಅಷ್ಟರಲ್ಲಿ ಊರೆಲ್ಲ ಗುಲ್ಲಾಗಿ, ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು.

ನಾಲ್ಕನೆಯ ದಿನ, ಹೊಲಿದು ಕೊಟ್ಟು ಋಣ ಹರಿದುಕೊಳ್ಳೋಣವೆಂದು ಅಂಗಿಯ ಒಳಮಗ್ಗುಲು ಹೊರಗೆ ಮಾಡಿದಳು. ಕಂಕುಳ ಹಿಂದೆ ಹೊಲಿಗೆ ಬಿಟ್ಟಿತ್ತು, ಎಳೆಗಳೆಲ್ಲ ಕೆಳಮುಖವಾಗಿ ಜಗ್ಗಿದ್ದವು. ದೂಡಿದವನ ಅಂಗಿ ಹೀಗೆ ಹರಿಯುವುದಿಲ್ಲ. ಯಾರೋ ಮೈಭಾರವನ್ನೆಲ್ಲ ಬಿಟ್ಟು ತೋಳಿಗೆ ಜೋತುಬಿದ್ದಿರಬೇಕು. ವಿಡಿಯೋ ಮತ್ತೆ ನೋಡಿದಳು. ಪುಸ್ತಕ ಕಿತ್ತುಕೊಳ್ಳುವಾಗ ತೋಳು ಸರಿಯಿದೆ, ಮರುಗಳಿಗೆಯಲ್ಲಿ ಹರಿದಿದೆ. ನಡುವೆ ಯಾರೋ ಕತ್ತರಿ ಆಡಿಸಿದ್ದಾರೆ. ಕತ್ತರಿ ಆಡಿದ್ದು ಅವಳಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ವಿಡಿಯೋದ ಮುದುಕ ಹಿಂದಿನ ಬೀದಿಯ ನಿವೃತ್ತ ಅಂಚೆಯವನು; ಅಂಗಿ ಹಿಡಿದು ಅವನ ಮನೆಗೆ ಹೋದಳು. ಅಂಗಿ ಕಂಡೊಡನೆ ಅವನ ಕಣ್ಣು ತುಂಬಿತು.

“ಕೂತಲ್ಲೇ ಒದ್ದೆ ಮಾಡ್ಕೊಂಡ್ಬಿಟ್ಟೆ ತಾಯಿ. ಪುಸ್ತಕ ನೆನೀಬಾರ್ದು ಅಂತ ಮೇಷ್ಟ್ರು ಕೈಯಿಂದ ತಗೊಂಡ್ರು. ಏಳೋಕೆ ಹೋದ್ರೆ ಕಾಲು ಸೋತು ಅವರ ತೋಳಿಗೆ ಜೋತುಬಿದ್ದೆ. ನಾಲ್ಕು ಜನ ನೋಡೋ ಮುಂಚೆ ಹೊರಗೆ ಸಾಗಿಸಿದ್ರು. ಯಾರಿಗೂ ಹೇಳಬೇಡಿ ಅಂತ ಕೈ ಮುಗಿದಿದ್ದೆ. ಈಗ ನಾನೇ ಹೇಳ್ತೀನಿ ಅಂದ್ರೆ, ಬೇಡ ಅಜ್ಜ, ಸೊಸೆ ಮುಂದೆ ತಲೆ ತಗ್ಗಿಸೋ ವಯಸ್ಸಲ್ಲ ನಿಮ್ದು ಅಂತಾರೆ.”

ಅವಳು ಲೈಬ್ರರಿಗೆ ಓಡಿದಳು. ಮೇಷ್ಟ್ರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

“ನನಗಾದ್ರೂ ಹೇಳಬಹುದಿತ್ತು.”

“ಕೇಳಿದ್ರೆ ಹೇಳ್ತಿದ್ದೆನೋ ಏನೋ. ನೀವು ಕೇಳಲೇ ಇಲ್ಲ.”

“ನೀವೇ ಹೇಳಿಕೊಟ್ಟಿದ್ದಲ್ವಾ, ಪರೀಕ್ಷೆ ಮಾಡಿ ನಂಬಿ ಅಂತ.”

“ಹೌದು. ನಿಮ್ಮದು ತಪ್ಪಲ್ಲ.” ಗಂಟು ಬಿಗಿಯಾಗಿದ್ದರೂ ಅವರು ಮತ್ತೊಂದು ಸುತ್ತು ಸುತ್ತಿದರು. “ಊರೋರು ಪರೀಕ್ಷೆ ಮಾಡ್ಲಿ ಅಂತಾನೇ ಪಾಠ ಹೇಳಿದ್ದು. ನೀವು ಮಾತ್ರ ಬಂದು, ಏನ್ರೀ ಇದು ಅಂತ ನಾಲ್ಕು ಬೈದಿದ್ರೂ ಸಾಕಿತ್ತು.”

“ಈಗ ಬಂದಿದೀನಿ. ನಿಮ್ಮ ಜೊತೆಗೇ ಬರ್ತೀನಿ.”

ಅವರು ಬಹಳ ಹೊತ್ತು ಅವಳನ್ನೇ ನೋಡಿದರು. ಹಿಂದೆಂದೂ ಅಷ್ಟು ಹೊತ್ತು ನೋಡಿರಲಿಲ್ಲ.

“ಕೋಪ ಇಲ್ಲ ನನಗೆ, ನಂಬಿ. ಆದ್ರೆ ಆ ಪರದೆ ಇಳೀತಿದ್ದದ್ದು ಕಣ್ಣಿಂದ ಹೋಗ್ತಿಲ್ಲ. ಅದನ್ನ ಇಟ್ಕೊಂಡು ನಿಮ್ಮ ಜೊತೆ ಉಂಡರೆ ಅನ್ನ ಗಂಟಲಲ್ಲಿ ಇಳಿಯಲ್ಲ.” ಪೆಟ್ಟಿಗೆ ಎತ್ತಿಕೊಂಡು, “ಅಜ್ಜನ ವಿಷಯ ಮಾತ್ರ ಯಾರ ಹತ್ರಾನೂ ಎತ್ತಬೇಡಿ” ಎಂದರು.

ಅವಳು ತಲೆಯಾಡಿಸಿದಳು.

ಮರುದಿನ ಅಂಗಡಿಯಲ್ಲಿ ಅದೇ ಮಾತು. ಬಟ್ಟೆ ಒಯ್ಯಲು ಬಂದ ಹೆಂಗಸರು, ಪೀಡೆ ತೊಲಗಿತು ಎಂದರು.

“ಅದು ಸುಳ್ಳು ವಿಡಿಯೋ” ಎಂದಳು ಟೈಲರ್ ಅಕ್ಕ.

“ಕಣ್ಣಾರೆ ಕಂಡಿದ್ದೀವಲ್ಲ ಅತ್ತಿಗೆ. ನಿಮಗೆ ಹೇಗೆ ಗೊತ್ತು?”

ಉತ್ತರ ನಾಲಿಗೆ ತುದಿಗೆ ಬಂತು. ಅಂಚೆಯಜ್ಜನ ಮುಖ ನೆನೆದು ಅದನ್ನು ನುಂಗಿಕೊಂಡಳು.

“ನಾನು ಅವರನ್ನ ಮದುವೆ ಆಗೋಳಿದ್ದೆ.”

ಹೆಂಗಸರು ಮುಖ ಮುಖ ನೋಡಿಕೊಂಡರು. ನಾದಿನಿ ಸೂಜಿ ಕೆಳಗಿಟ್ಟು ಹತ್ತಿರ ಬಂದು ದನಿ ತಗ್ಗಿಸಿದಳು.

“ಅವರಿಗೆ ಹೇಳಿದ್ರಾ ಅತ್ತಿಗೆ?”

“ಹೇಳಿದೆ ಕಣೇ. ನಾಲ್ಕು ದಿನ ತಡವಾಗಿ.”