ಮೋರಿಯ ಮುಂದಿನ ಕೆಂಪು ದೀಪ

ಸೋಮವಾರ ಹತ್ತು ಗಂಟೆಯೊಳಗೆ ನರಿಯೊಂದು ಮೋರಿ ದಾಟುವ ಫೋಟೊ ಬೇಕಿತ್ತು. ತಾಂಬರಂ ಆಚೆಯ ಕುರುಚಲು ಕಾಡನ್ನು ಸೀಳಿದ ಹೊಸ ರಸ್ತೆಯ ಕೆಳಗೆ, ನರಿಗಳು ಗುಡ್ಡದಿಂದ ಕೆರೆಗಿಳಿಯಲು ಉಳಿದಿದ್ದ ದಾರಿ ಆ ಮೋರಿಯೊಂದೇ. ಪುರಾವೆ ಕೊಡದಿದ್ದರೆ ಕಾಂಕ್ರೀಟ್ ತುಂಬುತ್ತೇವೆ ಎಂದು ಗುತ್ತಿಗೆದಾರರು ಖಡಾಖಂಡಿತ ಹೇಳಿಬಿಟ್ಟಿದ್ದರು.

ಶುಕ್ರವಾರ ಬೆಳಗಾಗುತ್ತಲೇ ಮೂವರೂ ಹೊರಟರು. ಮುಂದೆ ಹಗ್ಗ ಹೊತ್ತ ಅಂದಾನಿ. ಬ್ಯಾಂಕಿನ ನೌಕರನಾದರೂ ಗಜೇಂದ್ರಗಡದ ಬಂಡೆಗಳನ್ನು ಹತ್ತಿಳಿದು ಬೆಳೆದವನು. ನಡುವೆ ನಿಶ್ಮಿತಾ, ನರಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವೇಲಚೇರಿಯ ಹುಡುಗಿ. ಕೊನೆಯಲ್ಲಿ ರಘುರಾಮರು, ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು. ಮೋರಿಗೆ ಕ್ಯಾಮೆರಾ ಆರಿಸಿ ತಂದವರು ಅವರೇ.

ದಾರಿ ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಸಾಗುತ್ತಿತ್ತು. ಎಡಕ್ಕೆ ಜಾಲಿ, ಕವಳಿ ಪೊದೆಗಳು. ಬಲಕ್ಕೆ ಇಪ್ಪತ್ತಡಿ ಕೆಳಗೆ ಹಸಿರುಗಟ್ಟಿದ ನೀರು. ಎದುರು ಬಂಡೆಯ ಮೇಲೆ ನವಿಲೊಂದು ರೆಕ್ಕೆ ಒಣಗಿಸುತ್ತಿತ್ತು. ದೂರದಿಂದ ಎಲೆಕ್ಟ್ರಿಕ್ ರೈಲಿನ ಸದ್ದು ಕೇಳುತ್ತಿತ್ತು.

ಮೋರಿಯ ಬಳಿ ನಿಶ್ಮಿತಾ ಕ್ಯಾಮೆರಾದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಳು. ಆರು ರಾತ್ರಿಯ ಚಿತ್ರಗಳಲ್ಲೂ ಒಂದೇ ಕತೆ. ನರಿ ಮೋರಿಯ ಬಾಯಿಗೆ ಬರುತ್ತದೆ, ಕ್ಯಾಮೆರಾವನ್ನೇ ದಿಟ್ಟಿಸುತ್ತದೆ, ಮುಂದಿನ ಚಿತ್ರದಲ್ಲಿ ಬರೀ ಬಾಲ.

"ಇದನ್ನ ಕೊಟ್ರೆ, ನರಿ ಇಲ್ಲಿ ದಾಟೋದೇ ಇಲ್ಲ ಅಂತ ನಾವೇ ಪ್ರೂವ್ ಮಾಡಿದ ಹಾಗೆ," ಎಂದಳು ಆಕೆ. "ಅವ್ಳೋದಾನ್ ಅಂಕಲ್. ಮುಗೀತು."

ರಘುರಾಮರ ಮುಖ ಕಪ್ಪಿಟ್ಟಿತು. ಕಾರಣ ಅವರಿಗೆ ಗೊತ್ತಿತ್ತು. ಬೆಳಕು ಕಾಣದ ಮಾದರಿಯನ್ನೇ ತನ್ನಿ ಎಂದು ಅವಳು ಚೀಟಿ ಬರೆದುಕೊಟ್ಟಿದ್ದಳು. ಅಂಗಡಿಯವನು ಎರಡು ಬಗೆಯ ಕ್ಯಾಮೆರಾಗಳನ್ನೂ ಕತ್ತಲಲ್ಲಿಟ್ಟು ತೋರಿಸಿದ್ದ. ಒಂದು ಫೋಟೊ ತೆಗೆಯುವಾಗ ಮಂದ ಕೆಂಪಗೆ ಹೊಳೆಯಿತು, ಇನ್ನೊಂದರಲ್ಲಿ ಏನೂ ಕಾಣಲಿಲ್ಲ. ದೀಪ ಆರಿದೆಯೆಂದರೆ ಸಿಗ್ನಲ್ ಕೆಟ್ಟಿದೆಯೆಂದು ಜೀವಮಾನವೆಲ್ಲ ನಂಬಿದವರು, ಕೆಂಪು ಹೊಳೆಯುವುದನ್ನೇ ಚೀಲಕ್ಕೆ ಹಾಕಿಕೊಂಡಿದ್ದರು. ಸಾಲದ್ದಕ್ಕೆ ಇನ್ನೊಂದು ಸ್ಟಾಕ್ ಇಲ್ಲವೆಂದು ಅವಳಿಗೆ ಸುಳ್ಳು ಬೇರೆ.

ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಅನ್ನಿಸಿತಲ್ಲ, ಅದಕ್ಕೇ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

"ಸ್ಟಾಕ್ ಇತ್ತು ಕಣಮ್ಮ," ಎಂದರು ನೆಲ ನೋಡುತ್ತ. "ನಿನ್ನ ಮಾತಿಗಿಂತ ನನ್ನ ಸರ್ವಿಸ್ ದೊಡ್ಡದು ಅಂದ್ಕೊಂಡೆ. ಸುಳ್ಳು ಹೇಳ್ದೆ."

ನಿಶ್ಮಿತಾ ಲ್ಯಾಪ್‌ಟಾಪ್ ಮುಚ್ಚಿ ಅವರಿಗೆ ಬೆನ್ನು ತಿರುಗಿಸಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಅಂದಾನಿಯೇ ನಕ್ಕ. "ಕೆಂಪು ಕಂಡ್ರ ಗಾಡಿ ನಿಲ್ತೈತಿ, ನರಿನೂ ನಿಂತೈತಿ ಬಿಡ್ರಿ ಸರ. ಇನ್ನೂ ಮೂರು ರಾತ್ರಿ ಅದಾವು. ಅಂಗಡಿಗೆ ನಡೀರಿ!"

ಮಧ್ಯಾಹ್ನ ಹೊಸ ಕ್ಯಾಮೆರಾದೊಂದಿಗೆ ಮರಳುವಷ್ಟರಲ್ಲಿ ಮಳೆ ಹಿಡಿದಿತ್ತು. ಗಣಿಯ ಅಂಚು ಜಾರುತ್ತಿತ್ತು. ಚೀಲ ನಾನೇ ಹೊರುತ್ತೇನೆ ಎಂದು ರಘುರಾಮರು ಹಟ ಹಿಡಿದಿದ್ದರು. ಅಂದಾನಿ ಅವರ ಸೊಂಟಕ್ಕೆ ಹಗ್ಗ ಬಿಗಿದ.

ಅರ್ಧ ದಾರಿಯಲ್ಲಿ ಕಾಲಡಿಯ ಮಣ್ಣು ಕುಸಿಯಿತು.

ರಘುರಾಮರು ಜಾರಿದರು. ಹಗ್ಗ ಜಗ್ಗಿತು. ಮೊಣಕಾಲು ಬಂಡೆಗೆ ಬಡಿಯಿತು. ಕೆಳಗೆ ನೀರು ಬಾಯ್ದೆರೆದಿತ್ತು.

"ಚೀಲ ಒಗೀರಿ! ಎರಡೂ ಕೈಲೆ ಹಗ್ಗ ಹಿಡೀರಿ!" ಅಂದಾನಿ ಕೂಗಿದ.

ಅವರು ಒಗೆಯಲಿಲ್ಲ. ಚೀಲದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಗ್ಗ ಹಿಡಿದರು. ಇಬ್ಬರೂ ಸೇರಿ ಗೇಣುಗೇಣಾಗಿ ಎಳೆದುಕೊಂಡರು. ಮೇಲೆ ಬಂದವರ ಪ್ಯಾಂಟು ಹರಿದಿತ್ತು, ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು.

"ಪೈತ್ಯಮಾ ಅಂಕಲ್, ಹುಚ್ಚಾ ನಿಮಗೆ?" ನಿಶ್ಮಿತಾ ಅಳುತ್ತಲೇ ಗದರಿದಳು. ಅವರು ತಪ್ಪು ಒಪ್ಪಿಕೊಂಡ ಮೇಲೆ ಅವಳು ಅವರೊಡನೆ ಆಡಿದ ಮೊದಲ ಮಾತು ಅದು. ರಘುರಾಮರಿಗೆ ನೋವೇ ಮರೆತುಹೋಯಿತು.

ಸೋಮವಾರ ಬೆಳಗ್ಗೆ ಕಾರ್ಡು ತೆರೆದಾಗ ಮೂವರೂ ಉಸಿರು ಬಿಗಿಹಿಡಿದಿದ್ದರು. ತಾಯಿ ನರಿ ಮೋರಿಯ ನಟ್ಟನಡುವೆ ಆರಾಮಾಗಿ ನಡೆಯುತ್ತಿತ್ತು, ಬೆನ್ನಿಗೆ ಎರಡು ಮರಿ. ಕ್ಯಾಮೆರಾದತ್ತ ಒಂದೂ ತಿರುಗಿರಲಿಲ್ಲ. ಅಂದಾನಿ ಕುಣಿದೇಬಿಟ್ಟ.

ವರದಿಗೆ ಆ ಫೋಟೊ ಒಂದೇ ಸಾಕು ಎಂದಳು ನಿಶ್ಮಿತಾ, ಹಳೆಯ ಚಿತ್ರಗಳನ್ನು ಯಾರೂ ಕೇಳುವುದಿಲ್ಲ.

"ಬೇಡಮ್ಮ, ಅವೂ ಇರಲಿ," ಎಂದು ರಘುರಾಮರು ಪೆನ್ನು ತೆಗೆದುಕೊಂಡರು. ಬಾಲದ ಚಿತ್ರಗಳ ಕೆಳಗೆ, ರೈಲ್ವೆಯಲ್ಲಿ ವೈಫಲ್ಯದ ವರದಿಗೆ ಸಹಿ ಹಾಕುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದರು: "ನರಿಗಳು ಹಿಂದಿರುಗಲು ಕಾರಣ ಕ್ಯಾಮೆರಾದ ಬೆಳಕು. ಆ ಕ್ಯಾಮೆರಾ ಆರಿಸಿ ತಂದದ್ದು ನಾನು. ಎಚ್ಚರಿಕೆ ಮೊದಲೇ ಕೊಡಲಾಗಿತ್ತು."

ಕೆಳಗೆ ಸಹಿ ಹಾಕಿ, ಹಾಳೆಯನ್ನು ನಿಶ್ಮಿತಾಳತ್ತ ಸರಿಸಿದರು.